ಗೆಡ್ಡೆ ಅಂಡಾಶಯದಲ್ಲಿ, ಅದರ ಊರು ಜಠರದಲ್ಲಿ

ನನ್ನ ಓರಗಿತ್ತಿ ಮೊದಲು ಹೇಳಿದ್ದು ಲಂಗದ ವಿಷಯ. ಚೌತಿಗೆ ಇನ್ನೆರಡು ವಾರ ಇತ್ತು. ಮುಂಬೈ ಪಕ್ಕದ ಡೊಂಬಿವಲಿಯ ಅವಳ ಮನೆಯಲ್ಲಿ ಹೊಸ ಸೀರೆಯ ಕುಪ್ಪಸ ಹಾಕಿ ನೋಡುತ್ತಿದ್ದಳು. ಮೂರು ತಿಂಗಳ ಹಿಂದಿನ ಅಳತೆಗೆ ಹೊಲಿಸಿದ್ದು. ತೋಳಿನ ಒಳಗೆ ಎರಡು ಬೆರಳು ಆರಾಮಾಗಿ ಹೋಗುತ್ತಿದ್ದವು. ಆದರೆ ಲಂಗದ ಲಾಡಿ ಕಟ್ಟಲು ಆಗುತ್ತಿರಲಿಲ್ಲ. "ಅಕ್ಕಾ, ನೋಡಿ, ಮೇಲೆ ಸಪೂರ ಆಗ್ತಾ ಇದ್ದೇನೆ, ಕೆಳಗೆ ದಪ್ಪ ಆಗ್ತಾ ಇದ್ದೇನೆ" ಅಂತ ನಕ್ಕಳು. ನಾನೂ ನಕ್ಕೆ. ಆಗ ಅವಳಿಗೆ 36 ವರ್ಷ.

ಅದಕ್ಕೂ ಐದಾರು ತಿಂಗಳ ಮೊದಲಿಂದ ಅವಳಿಗೆ 'ಗ್ಯಾಸ್ಟ್ರಿಕ್'. ಒಂದು ದೋಸೆ ತಿಂದರೆ ಸಾಕು, ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು. ಜೀರಿಗೆ ಕಷಾಯ ಆಯಿತು, ಮಜ್ಜಿಗೆ ಆಯಿತು, ಪುನರ್ಪುಳಿ ಸಾರು ಆಯಿತು. ಮೆಡಿಕಲ್ ಅಂಗಡಿಯಿಂದ ಆಸಿಡಿಟಿ ಮಾತ್ರೆ ತಂದು ದಿನಾ ಬೆಳಿಗ್ಗೆ ಒಂದು ನುಂಗುತ್ತಿದ್ದಳು. ಸ್ವಲ್ಪ ಕಡಿಮೆ ಆಗುತ್ತಿತ್ತು, ಮತ್ತೆ ಬರುತ್ತಿತ್ತು.

ಹಬ್ಬ ಮುಗಿದ ಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿಸಿದರು. ಎರಡೂ ಅಂಡಾಶಯಗಳಲ್ಲಿ ಗೆಡ್ಡೆ. ಹೊಟ್ಟೆಯಲ್ಲಿ ನೀರು. ಮುಂದಿನ ವಾರವೇ ಆಪರೇಷನ್ ಮಾಡಿ ಎರಡನ್ನೂ ತೆಗೆದರು. ಹತ್ತು ದಿನ ಬಿಟ್ಟು ಬಯಾಪ್ಸಿ ರಿಪೋರ್ಟ್ ಬಂತು. ಅದರಲ್ಲಿ 'ಸಿಗ್ನೆಟ್ ರಿಂಗ್ ಸೆಲ್' ಅಂತ ಇತ್ತು. ಇದು ಅಂಡಾಶಯದಲ್ಲಿ ಹುಟ್ಟಿದ್ದಲ್ಲ, ಬೇರೆ ಕಡೆಯಿಂದ ಬಂದದ್ದು, ಜಠರವನ್ನು ಪರೀಕ್ಷಿಸಿ ಅಂತಲೂ ಬರೆದಿತ್ತು. ಆಮೇಲೆ ಎಂಡೋಸ್ಕೋಪಿ ಆಯಿತು. ಜಠರದಲ್ಲಿ ಕ್ಯಾನ್ಸರ್ ಇತ್ತು.

ಅಷ್ಟು ತಿಂಗಳಲ್ಲಿ ನಾಲ್ಕು ಡಾಕ್ಟರು ಅವಳನ್ನು ನೋಡಿದ್ದರು. ಜೀರ್ಣದ ಡಾಕ್ಟರು ಮುಟ್ಟಿನ ಬಗ್ಗೆ ಕೇಳಲಿಲ್ಲ. ಹೆಂಗಸರ ಡಾಕ್ಟರು ಊಟದ ಬಗ್ಗೆ ಕೇಳಲಿಲ್ಲ. ನಾವೂ ಹೇಳಲಿಲ್ಲ. ಎರಡು ಬೇರೆ ಬೇರೆ ಕಾಯಿಲೆ ಅಂದುಕೊಂಡಿದ್ದೆವು. ಇವೆರಡೂ ಒಂದೇ ಆಗಿರಬಹುದು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಗೆಡ್ಡೆಗೆ ಕ್ರುಕೆನ್‌ಬರ್ಗ್ ಟ್ಯೂಮರ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದು ಒಬ್ಬ ಡಾಕ್ಟರ ಹೆಸರು ಅಷ್ಟೇ. ಫ್ರೀಡ್ರಿಕ್ ಕ್ರುಕೆನ್‌ಬರ್ಗ್ ಜರ್ಮನಿಯವರು. 1896ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಅಂಡಾಶಯದ ಒಂದು ವಿಚಿತ್ರ ಗೆಡ್ಡೆಯ ಬಗ್ಗೆ ಬರೆದರು. ಅದು ಅಂಡಾಶಯದಲ್ಲೇ ಹುಟ್ಟಿದ ಹೊಸ ಬಗೆಯ ಗೆಡ್ಡೆ ಅಂತ ಅವರು ತಿಳಿದಿದ್ದರು. ಅದು ಹೊಟ್ಟೆ, ಕರುಳಿನ ಕಡೆಯಿಂದ ಬಂದು ನೆಲೆಸಿದ್ದು ಅಂತ 1902ರಲ್ಲಿ ಷ್ಲಾಗೆನ್‌ಹಾಫರ್ ಅನ್ನುವವರು ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ಕ್ರುಕೆನ್‌ಬರ್ಗ್ ಕಣ್ಣಿನ ಡಾಕ್ಟರಾಗಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವರಿಗೇ ಮೋಸ ಮಾಡಿದ ಗೆಡ್ಡೆ ಇದು. ನಾವು ಗುರುತಿಸಲಿಲ್ಲವಲ್ಲ ಅಂತ ಮನೆಯವರು ಕೊರಗುವಾಗ ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಈಗ ಮುಖ್ಯ ವಿಷಯ. ಜಠರದ ಕ್ಯಾನ್ಸರ್ ಅಂಡಾಶಯಕ್ಕೆ ಹೋದರೆ ಅದು ಅಂಡಾಶಯದ ಕ್ಯಾನ್ಸರ್ ಆಗುವುದಿಲ್ಲ. ಜಠರದ ಕ್ಯಾನ್ಸರೇ ಆಗಿರುತ್ತದೆ. ಮುಂಬೈಯಲ್ಲಿ ಲೋಕಲ್ ಟ್ರೈನಿನಲ್ಲಿ ಇಬ್ಬರು ಕನ್ನಡದವರು ಸಿಕ್ಕಿದರೆ ಮೊದಲು ಏನು ಕೇಳುತ್ತಾರೆ? "ನಿಮ್ಮದು ಊರಲ್ಲಿ ಎಲ್ಲಿ?" ಅಂತ. ಮನೆ ಘಾಟ್ಕೋಪರಿನಲ್ಲಿ ಇರಲಿ, ಬೊರಿವಲಿಯಲ್ಲಿ ಇರಲಿ, ಉತ್ತರ ಮಾತ್ರ ಕುಂದಾಪುರ, ಕಾರ್ಕಳ, ಧಾರವಾಡ ಅಂತಲೇ ಬರುತ್ತದೆ. ಬಯಾಪ್ಸಿ ನೋಡುವ ಪೆಥಾಲಜಿ ಡಾಕ್ಟರು ಆ ಜೀವಕೋಶಕ್ಕೆ ಕೇಳುವುದೂ ಇದೇ ಪ್ರಶ್ನೆ. ಈಗ ಎಲ್ಲಿದ್ದೀಯ ಅನ್ನುವುದು ಸ್ಕ್ಯಾನಿನಲ್ಲೇ ಗೊತ್ತಾಗುತ್ತದೆ. ಊರು ಯಾವುದು ಅನ್ನುವುದು ಗೊತ್ತಾಗಬೇಕು. ಯಾಕೆಂದರೆ ಔಷಧಿ ಊರು ನೋಡಿ ಕೊಡುವುದು. ಅಂಡಾಶಯದ ಕ್ಯಾನ್ಸರಿಗೆ ಕೊಡುವ ಕಿಮೋ ಕ್ರಮ ಬೇರೆ, ಜಠರದ್ದು ಬೇರೆ.

ಮಾತಿನ ಧಾಟಿ ಕೇಳಿಯೇ ಕುಂದಾಪುರದವರೋ ಧಾರವಾಡದವರೋ ಅಂತ ಹೇಳಿಬಿಡಬಹುದು ಅಲ್ವಾ? ಜೀವಕೋಶಗಳಿಗೂ ಅಂಥ ಧಾಟಿ ಇರುತ್ತದೆ. ಬಯಾಪ್ಸಿ ತುಂಡಿಗೆ ಬೇರೆ ಬೇರೆ ಬಣ್ಣ ಹಿಡಿಸಿ ಕೆಲವು ಪ್ರೋಟೀನ್ ಇವೆಯಾ ಅಂತ ಹುಡುಕುತ್ತಾರೆ. ಪ್ಯಾಕ್ಸ್-8 ಅನ್ನುವ ಗುರುತು ಸಾಮಾನ್ಯವಾಗಿ ಅಂಡಾಶಯದ್ದೇ ಕ್ಯಾನ್ಸರಿನಲ್ಲಿ ಸಿಗುತ್ತದೆ. ಸಿಡಿಎಕ್ಸ್-2 ಸಿಕ್ಕಿದರೆ ಜಠರ, ಕರುಳಿನ ಕಡೆ ಕೈ ತೋರಿಸುತ್ತದೆ. ರಿಪೋರ್ಟಿನಲ್ಲಿ 'ಐಎಚ್‌ಸಿ' ಅಂತ ಬರೆದು ಅದರ ಮುಂದೆ ಪ್ಲಸ್, ಮೈನಸ್ ಹಾಕಿರುತ್ತಾರಲ್ಲ, ಅದೇ ಇದು. ಒಂದೇ ಗುರುತು ನೋಡಿ ತೀರ್ಮಾನ ಮಾಡುವುದಿಲ್ಲ, ನಾಲ್ಕಾರು ಸೇರಿಸಿ ನೋಡುತ್ತಾರೆ. ಅದಕ್ಕೇ ರಿಪೋರ್ಟ್ ತಡ ಆಗುವುದು.

ಇನ್ನು ಸಿಗ್ನೆಟ್ ರಿಂಗ್ ಅಂದರೆ ಮುದ್ರೆಯುಂಗುರ. ಈ ಜೀವಕೋಶದ ಒಳಗೆ ಲೋಳೆ ತುಂಬಿಕೊಳ್ಳುತ್ತದೆ. ನಡುವೆ ಇರಬೇಕಾದ ಬೀಜ, ಅಂದರೆ ನ್ಯೂಕ್ಲಿಯಸ್, ಒಂದು ಬದಿಗೆ ಒತ್ತಿಹೋಗುತ್ತದೆ. ಆಗ ನೋಡಲು ಹರಳು ಕೂರಿಸಿದ ಉಂಗುರದ ಹಾಗೆ ಕಾಣುತ್ತದೆ. ಆರೋಗ್ಯವಂತ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಂಟಿನ ಕೆಲಸ ಮಾಡುವುದು ಇ-ಕ್ಯಾಡೆರಿನ್ ಅನ್ನುವ ಪ್ರೋಟೀನ್. ಈ ಬಗೆಯ ಕ್ಯಾನ್ಸರಿನಲ್ಲಿ ಆ ಅಂಟೇ ಕೆಟ್ಟಿರುತ್ತದೆ. ಹಾಗಾಗಿ ಜೀವಕೋಶಗಳು ಒಂದು ಕಡೆ ಗಂಟು ಕಟ್ಟುವುದಿಲ್ಲ. ಒಂದೊಂದಾಗಿ ಬಿಡಿಬಿಡಿಯಾಗಿ ಜಠರದ ಗೋಡೆಯೊಳಗೆ ನುಗ್ಗುತ್ತವೆ.

ಮುಂಬೈಯ ಮಳೆಗಾಲದಲ್ಲಿ ಗೋಡೆಗೆ ತೇವ ಇಳಿಯುವುದನ್ನು ನೋಡಿದ್ದೀರಿ. ಮೇಲೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಪೂರ್ತಿ ನೆಂದಿರುತ್ತದೆ. ಇದೂ ಹಾಗೆಯೇ. ಎಂಡೋಸ್ಕೋಪಿಯ ಕ್ಯಾಮೆರಾಕ್ಕೆ ಒಳಪದರ ಕೆಲವೊಮ್ಮೆ ಬಹುಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ. ಜಠರ ಮಾತ್ರ ದಪ್ಪ ಚರ್ಮದ ಚೀಲದ ಹಾಗೆ ಗಡುಸಾಗಿರುತ್ತದೆ, ಗಾಳಿ ಹಾಕಿದರೂ ಹಿಗ್ಗುವುದಿಲ್ಲ. ಒಂದು ದೋಸೆಗೇ ಹೊಟ್ಟೆ ತುಂಬುವುದು ಯಾಕೆ ಅಂತ ಈಗ ಅರ್ಥ ಆಗುತ್ತದೆ. ಇಂಥ ಕಡೆ ಮೇಲಿಂದ ಒಂದು ಚೂರು ಚಿವುಟಿ ತೆಗೆದರೆ ಸಾಲದು. ಹಲವು ತುಂಡು, ಆಳದಿಂದ ತೆಗೆಯಬೇಕಾಗುತ್ತದೆ. ಎಂಡೋಸ್ಕೋಪಿ ನಾರ್ಮಲ್ ಬಂದ ಮೇಲೂ ತೂಕ ಇಳಿಯುತ್ತಲೇ ಇದ್ದರೆ ಇನ್ನೊಮ್ಮೆ ಹೋಗಿ ಕೇಳಿ. ಸಂಕೋಚ ಬೇಡ.

ಜಠರ ಇರುವುದು ಪಕ್ಕೆಲುಬಿನ ಕೆಳಗೆ, ಅಂಡಾಶಯ ಇರುವುದು ಕಿಬ್ಬೊಟ್ಟೆಯ ತಳದಲ್ಲಿ. ಅಷ್ಟು ದೂರ ಹೇಗೆ ಹೋಗುತ್ತದೆ? ಡಾಕ್ಟರುಗಳು ಮೂರು ದಾರಿ ಹೇಳುತ್ತಾರೆ. ಜಠರದ ಗೋಡೆ ದಾಟಿದ ಜೀವಕೋಶಗಳು ಹೊಟ್ಟೆಯ ಒಳಗಿನ ತೆಳು ನೀರಿನಲ್ಲಿ ತೇಲಿ ಕೆಳಗೆ ಇಳಿದು ಅಂಡಾಶಯದ ಮೇಲೆ ಕೂರಬಹುದು. ರಕ್ತದಲ್ಲಿ ಹೋಗಬಹುದು. ದುಗ್ಧನಾಳಗಳಲ್ಲಿ, ಅಂದರೆ ಮೈಯ ನೀರಂಶ ಹರಿಸುವ ಸಣ್ಣ ನಾಳಗಳಲ್ಲಿ, ಹಿಮ್ಮುಖವಾಗಿ ಹರಿದು ಹೋಗಬಹುದು. ಈ ಮೂರನೆಯದಕ್ಕೆ ಜಾಸ್ತಿ ಒತ್ತು ಕೊಡುವವರಿದ್ದಾರೆ. ಅದಕ್ಕೆ ಕಾರಣವೂ ಇದೆ. ಜಠರದ ಕ್ಯಾನ್ಸರ್ ಇನ್ನೂ ಒಳಪದರದಲ್ಲೇ ಇದ್ದು, ಗೋಡೆ ದಾಟದೆ ಇರುವಾಗಲೂ ಅಂಡಾಶಯದಲ್ಲಿ ದೊಡ್ಡ ಗೆಡ್ಡೆ ಆಗಿರುವುದುಂಟು. ಗೋಡೆ ದಾಟದ್ದು ತೇಲಿ ಹೋಗಲು ಹೇಗೆ ಸಾಧ್ಯ? ಜಠರದ ಒಳಪದರದಲ್ಲಿ ದುಗ್ಧನಾಳಗಳ ದಟ್ಟ ಬಲೆಯೇ ಇದೆ.

ಚಿಕ್ಕ ವಯಸ್ಸಿನವರಿಗೇ ಯಾಕೆ ಅನ್ನುವುದು ಎಲ್ಲರ ಪ್ರಶ್ನೆ. ಈ ಗೆಡ್ಡೆ ಬರುವವರ ಸರಾಸರಿ ವಯಸ್ಸು ಸುಮಾರು 45. ಅಂಡಾಶಯದಲ್ಲೇ ಹುಟ್ಟುವ ಮಾಮೂಲಿ ಕ್ಯಾನ್ಸರಿಗಿಂತ ಇದು ಬೇಗ. ಮುಟ್ಟು ನಿಲ್ಲದ ಹೆಂಗಸರ ಅಂಡಾಶಯ ಸುಮ್ನೆ ಕೂತಿರುವುದಿಲ್ಲ. ತಿಂಗಳು ತಿಂಗಳು ಅಂಡ ಹೊರಬರುತ್ತದೆ, ಗಾಯ ಆಗುತ್ತದೆ, ಮಾಯುತ್ತದೆ. ರಕ್ತದ ಓಡಾಟ ಜಾಸ್ತಿ. ಬಂದ ಜೀವಕೋಶಕ್ಕೆ ನೆಲೆಯೂರಲು ಬೇಕಾದ್ದೆಲ್ಲ ಅಲ್ಲಿದೆ. ಜೊತೆಗೆ ಚಿಕ್ಕ ವಯಸ್ಸಿನ ಹೆಂಗಸರಿಗೆ ಜಠರದ ಕ್ಯಾನ್ಸರ್ ಬಂದರೆ ಅದು ಮೇಲೆ ಹೇಳಿದ ಬಿಡಿಬಿಡಿಯಾಗಿ ಹರಡುವ ಬಗೆಯೇ ಆಗಿರುವುದು ಜಾಸ್ತಿ. ಎರಡೂ ಸೇರಿಕೊಳ್ಳುತ್ತವೆ. ಗರ್ಭಕೋಶಕ್ಕೂ ಅದರ ಕೊರಳಿಗೂ ಹೋಗುವುದುಂಟು, ಆದರೆ ಅದು ಅಪರೂಪ.

ಎಲ್ಲಾ ಕ್ರುಕೆನ್‌ಬರ್ಗ್ ಗೆಡ್ಡೆಗಳೂ ಜಠರದಿಂದಲೇ ಬರುವುದಿಲ್ಲ. ಸುಮಾರು ನೂರಕ್ಕೆ 70 ಜಠರದ್ದು. ಉಳಿದವು ದೊಡ್ಡ ಕರುಳು, ಅಪೆಂಡಿಕ್ಸ್, ಸ್ತನ ಮುಂತಾದ ಕಡೆಯಿಂದ ಬರುತ್ತವೆ.

ಒಂದು ವಿಷಯ ಸಮಾಧಾನವಾಗಿ ಕೇಳಿ. ಚಿಕ್ಕ ವಯಸ್ಸಿನವರ ಅಂಡಾಶಯದಲ್ಲಿ ಕಾಣುವ ಸಿಸ್ಟುಗಳಲ್ಲಿ ಹೆಚ್ಚಿನವು ನಿರಪಾಯದವು. ನೀರಿನ ಸಿಸ್ಟ್ ಎಷ್ಟೋ ಸಲ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ಗ್ಯಾಸ್ಟ್ರಿಕ್ ಅನ್ನುವವರಲ್ಲೂ ಹೆಚ್ಚಿನವರಿಗೆ ಬರೀ ಗ್ಯಾಸ್ಟ್ರಿಕ್ಕೇ ಇರುತ್ತದೆ. ಅಂಡಾಶಯದ ಕ್ಯಾನ್ಸರುಗಳ ಲೆಕ್ಕದಲ್ಲೂ ಕ್ರುಕೆನ್‌ಬರ್ಗ್ ಸಣ್ಣ ಪಾಲು. ಎದೆ ಹೊಡೆದುಕೊಳ್ಳಬೇಕಾದ್ದು ಇಲ್ಲ. ಆದರೆ ಮೇಲಿನದೂ ಕೆಳಗಿನದೂ ಜೊತೆಯಾದಾಗ ನಿಲ್ಲಿಸಿ ಯೋಚಿಸಬೇಕು.

ಇಲ್ಲಿ ನಮ್ಮ ಭಾಷೆಯದ್ದೇ ಒಂದು ತೊಡಕಿದೆ. ಕನ್ನಡದಲ್ಲಿ ಎಲ್ಲದಕ್ಕೂ 'ಹೊಟ್ಟೆ'. ಹಸಿವಾದರೂ ಹೊಟ್ಟೆ, ಮುಟ್ಟಿನ ನೋವೂ ಹೊಟ್ಟೆನೋವು, ಮಗು ಇರುವುದೂ ಹೊಟ್ಟೆಯಲ್ಲಿ. ಇಲ್ಲಿನ ಡಾಕ್ಟರ ಮುಂದೆ ಕೂತು ಅದನ್ನೇ ಹಿಂದಿಯಲ್ಲಿ 'ಪೇಟ್', ಮರಾಠಿಯಲ್ಲಿ 'ಪೋಟ್' ಅನ್ನುತ್ತೇವೆ. ಹೆಂಗಸರ ಡಾಕ್ಟರಿಗೆ ಅದು ಗರ್ಭಕೋಶ ಅಂತ ಕೇಳಿಸುತ್ತದೆ, ಜೀರ್ಣದ ಡಾಕ್ಟರಿಗೆ ಜಠರ ಅಂತ ಕೇಳಿಸುತ್ತದೆ. ನಮ್ಮಲ್ಲಿ ಮೇಲ್ಹೊಟ್ಟೆ, ಕಿಬ್ಬೊಟ್ಟೆ ಅನ್ನುವ ಎರಡು ಒಳ್ಳೆಯ ಮಾತುಗಳಿವೆ. ಅವುಗಳನ್ನು ಬಳಸಿ. ಮಾತು ಬಾರದಿದ್ದರೆ ಬೆರಳಿಟ್ಟು ತೋರಿಸಿ. ಎರಡೂ ಕಡೆ ತೊಂದರೆ ಇದ್ದರೆ ಇಬ್ಬರು ಡಾಕ್ಟರಿಗೂ ಎರಡನ್ನೂ ಹೇಳಿ. ನಾವು ಇದೊಂದನ್ನು ಮಾಡಲಿಲ್ಲ.

ಏನು ಹೇಳಬೇಕು ಅಂದರೆ, ಎರಡು ತುತ್ತಿಗೇ ಹೊಟ್ಟೆ ತುಂಬುವುದು. ಪ್ರಯತ್ನ ಪಡದೆ ತೂಕ ಇಳಿಯುವುದು. ತಿಂದದ್ದು ವಾಂತಿಯಾಗುವುದು. ಮಲ ಡಾಂಬರಿನ ಹಾಗೆ ಕಪ್ಪಾಗುವುದು. ರಕ್ತ ಕಡಿಮೆ ಇದೆ ಅಂತ ಪದೇ ಪದೇ ರಿಪೋರ್ಟ್ ಬರುವುದು. ಈ ಕೊನೆಯದನ್ನು ನಮ್ಮ ಹೆಂಗಸರಲ್ಲಿ ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಮುಟ್ಟಿನಿಂದ ಅಂತ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಕೆಳಗಿನ ಕಡೆ ಆದರೆ ಹೊಟ್ಟೆ ಉಬ್ಬುವುದು, ಕಿಬ್ಬೊಟ್ಟೆ ಭಾರ, ಮುಟ್ಟು ಏರುಪೇರು. ಅಪರೂಪಕ್ಕೆ ಮುಖದಲ್ಲಿ ಕೂದಲು ಬರುವುದು, ದನಿ ಗಡುಸಾಗುವುದೂ ಉಂಟು. ಗೆಡ್ಡೆಯ ಸುತ್ತಲಿನ ಅಂಡಾಶಯದ ಭಾಗ ಹಾರ್ಮೋನ್ ಸುರಿಸಲು ಶುರುಮಾಡುವುದರಿಂದ ಹಾಗಾಗುತ್ತದೆ. ಬಸುರಿಯರಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ವಾಂತಿ, ಹೊಟ್ಟೆ ದೊಡ್ಡದಾಗುವುದು ಎಲ್ಲವೂ ಬಸಿರಿನದ್ದೇ ಅಂತ ಆಗಿಬಿಡುತ್ತದೆ.

ಆಸಿಡಿಟಿ ಮಾತ್ರೆಯ ಬಗ್ಗೆ ಒಂದು ಮಾತು. ಅದು ಉರಿ ಕಡಿಮೆ ಮಾಡುತ್ತದೆ, ಹುಣ್ಣಾಗಿದ್ದರೆ ಮೇಲ್ಪದರ ಸ್ವಲ್ಪ ಮಾಯಲೂಬಹುದು. ಕ್ಯಾನ್ಸರ್ ಇದ್ದರೂ ಆರಾಮ ಅನ್ನಿಸುತ್ತದೆ. ಹಾಗೆ ತಿಂಗಳುಗಳು ಕಳೆದುಹೋಗುತ್ತವೆ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಎಷ್ಟು ಉಂಡಳು ಅಂತ ನೋಡುವವರು ಯಾರು? ನನ್ನ ಓರಗಿತ್ತಿಯ ಊಟ ಅರ್ಧಕ್ಕಿಂತ ಕಡಿಮೆ ಆಗಿದ್ದು ಅವಳ ಗಂಡನಿಗೆ ಗೊತ್ತೇ ಇರಲಿಲ್ಲ. ಹೋಟೆಲಿನಿಂದ ಅವನು ಮನೆಗೆ ಬರುವುದು ರಾತ್ರಿ ಹನ್ನೊಂದಕ್ಕೆ.

ರಕ್ತ ಪರೀಕ್ಷೆಯೂ ದಾರಿ ತಪ್ಪಿಸಬಹುದು. ಅಂಡಾಶಯದಲ್ಲಿ ಗೆಡ್ಡೆ ಕಂಡ ಕೂಡಲೇ ಸಿಎ-125 ಮಾಡಿಸುತ್ತಾರೆ. ಅದು ಜಾಸ್ತಿ ಬಂದರೆ ಅಂಡಾಶಯದ ಕ್ಯಾನ್ಸರ್ ಅಂತ ಅನುಮಾನ ಗಟ್ಟಿಯಾಗುತ್ತದೆ. ಕ್ರುಕೆನ್‌ಬರ್ಗಿನಲ್ಲೂ ಅದು ಏರುತ್ತದೆ. ಅಷ್ಟೇ ಅಲ್ಲ, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದ್ದರೂ ಏರುತ್ತದೆ. ಅದರ ಜೊತೆ, ಜಠರ, ಕರುಳಿನ ಕ್ಯಾನ್ಸರಿನಲ್ಲಿ ಏರಬಹುದಾದ ಸಿಇಎ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು. ಸಿಎ-125ರ ಅಂಕಿಯನ್ನು ಸಿಇಎ ಅಂಕಿಯಿಂದ ಭಾಗಿಸಿ, 25ಕ್ಕಿಂತ ಕಡಿಮೆ ಬಂದರೆ ಜಠರ, ಕರುಳನ್ನೂ ಹುಡುಕಬೇಕು ಅನ್ನುವುದು ಡಾಕ್ಟರುಗಳ ಲೆಕ್ಕ. ಸ್ಕ್ಯಾನಿನಲ್ಲೂ ಸುಳಿವು ಇರುತ್ತದೆ. ಹತ್ತರಲ್ಲಿ ಸುಮಾರು ಎಂಟು ಸಲ ಈ ಗೆಡ್ಡೆ ಎರಡೂ ಅಂಡಾಶಯದಲ್ಲಿ ಇರುತ್ತದೆ. ನೀರು ತುಂಬಿದ ಸಿಸ್ಟಿನ ಹಾಗೆ ಇರದೆ ಗಟ್ಟಿಯಾಗಿರುವುದೇ ಜಾಸ್ತಿ. ಎರಡೂ ಕಡೆ ಗಟ್ಟಿ ಗೆಡ್ಡೆ, ವಯಸ್ಸು ಚಿಕ್ಕದು, ಊಟ ಸೇರುವುದಿಲ್ಲ. ಹೀಗಿದ್ದರೆ ಆಪರೇಷನ್ನಿಗೆ ಹೆಸರು ಬರೆಸುವ ಮೊದಲು "ಡಾಕ್ಟ್ರೇ, ಒಂದು ಸಲ ಎಂಡೋಸ್ಕೋಪಿ ಮಾಡಿ ನೋಡಬಹುದಾ?" ಅಂತ ಕೇಳಿ. ಹತ್ತು ಹದಿನೈದು ನಿಮಿಷದ ಪರೀಕ್ಷೆ ಅದು.

ಆ ಕ್ರಮ ಯಾಕೆ ಮುಖ್ಯ? ಇದು ಬೇರೆ ಕಡೆಯಿಂದ ಬಂದದ್ದು ಅಂತ ಮೊದಲೇ ಗೊತ್ತಾದರೆ, ಎಷ್ಟೋ ಸಲ ಕಿಮೋ ಮೊದಲು ಕೊಡುತ್ತಾರೆ. ಮೈಯಲ್ಲಿ ಬೇರೆಲ್ಲೂ ಹರಡಿಲ್ಲ, ಜಠರದ್ದು ಹತೋಟಿಯಲ್ಲಿದೆ, ಆರೋಗ್ಯ ತಡೆದುಕೊಳ್ಳುತ್ತದೆ ಅಂತ ಕಂಡರೆ ಆಮೇಲೆ ಅಂಡಾಶಯ ತೆಗೆಯುವ ಮಾತು. ಹಾಗೆ ಆರಿಸಿ ಆಪರೇಷನ್ ಮಾಡಿದವರಲ್ಲಿ ಕೆಲವರು ಹೆಚ್ಚು ಕಾಲ ಬದುಕಿದ್ದಾರೆ. ನನ್ನ ಓರಗಿತ್ತಿಗೆ ಆಪರೇಷನ್ ಮೊದಲು ಆಯಿತು. ಗಾಯ ಮಾಯುವ ತನಕ ಕಿಮೋ ಕಾಯಬೇಕಾಯಿತು. ಎರಡೂ ಅಂಡಾಶಯ ಹೋದದ್ದರಿಂದ 36ಕ್ಕೇ ಮುಟ್ಟು ನಿಂತಿತು. ನಡುರಾತ್ರಿ ಮೈಯೆಲ್ಲ ಬೆಂಕಿಯಾಗಿ ಎದ್ದು ಕೂರುತ್ತಿದ್ದಳು. ಹೀಗಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕ್ಯಾನ್ಸರ್ ಜ್ವರ ಅಂತ ಹೆದರಿದ್ದಳು.

ಬಯಾಪ್ಸಿಯಲ್ಲಿ ಹರ್-2 ಅನ್ನುವ ಪ್ರೋಟೀನಿನ ಪರೀಕ್ಷೆ ಆಗಿದೆಯಾ ಅಂತಲೂ ಕೇಳಬೇಕು. ಅದು ಜಾಸ್ತಿ ಇದ್ದರೆ ಟ್ರಾಸ್ಟುಜುಮಾಬ್ ಅನ್ನುವ ಔಷಧಿಯನ್ನು ಕಿಮೋ ಜೊತೆ ಕೊಡುತ್ತಾರೆ. ಇತ್ತೀಚೆಗೆ ಪಿಡಿ-ಎಲ್1, ಕ್ಲಾಡಿನ್ ಅನ್ನುವ ಗುರುತುಗಳನ್ನೂ ನೋಡಿ ಔಷಧಿ ಆರಿಸುತ್ತಾರೆ. ಇವು ಎಲ್ಲರಿಗೂ ಹೊಂದುವುದಿಲ್ಲ, ಕೆಲವು ತುಂಬ ದುಬಾರಿ. ಇಷ್ಟಾದರೂ ಅಂಡಾಶಯಕ್ಕೆ ಬಂದಿದೆ ಅಂದರೆ ನಾಲ್ಕನೇ ಹಂತ. ಹೆಚ್ಚಿನ ಅಧ್ಯಯನಗಳಲ್ಲಿ ಸರಾಸರಿ ಬದುಕು ಒಂದು ವರ್ಷದ ಆಸುಪಾಸು. ಇದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ನೋವು, ವಾಂತಿ, ನಿದ್ದೆ ನೋಡಿಕೊಳ್ಳುವ ಪ್ಯಾಲಿಯೇಟಿವ್ ವಿಭಾಗಕ್ಕೆ ಮೊದಲ ದಿನದಿಂದಲೇ ಹೋಗಿ. ಅದು ಕೈಬಿಟ್ಟವರ ವಾರ್ಡ್ ಅಂತ ನಾವು ತಿಳಿದಿದ್ದೆವು, ಹೋಗಲು ತಡ ಮಾಡಿದೆವು. ಅಲ್ಲಿಗೆ ಹೋದ ಮೇಲೆ ಅವಳು ಮೊದಲ ಸಲ ರಾತ್ರಿ ಪೂರ್ತಿ ಮಲಗಿದಳು.

ಕಾರಣಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಜಠರದಲ್ಲಿ ಬೀಡುಬಿಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ದೊಡ್ಡ ಕಾರಣ. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅದನ್ನು ತಾನೇ ಕುಡಿದು ಜಠರ ಉರಿಯೂತ ಬರಿಸಿಕೊಂಡು ತೋರಿಸಿದರು. ಅವರಿಗೂ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಇದು ತುಂಬ ಜನರ ಹೊಟ್ಟೆಯಲ್ಲಿ ಇರುತ್ತದೆ, ಕ್ಯಾನ್ಸರ್ ಆಗುವುದು ಕೆಲವೇ ಜನರಿಗೆ. ಎರಡು ವಾರದ ಮಾತ್ರೆಯಿಂದ ಹೋಗಿಸಬಹುದು. ಅತಿ ಉಪ್ಪಿನ ಊಟ, ಹೊಗೆ ಹಾಕಿ ಒಣಗಿಸಿದ ಮಾಂಸ, ತಂಬಾಕು ಕೂಡ ಸೇರುತ್ತವೆ. ಮನೆತನದಲ್ಲೇ ಬರುವುದು ಕಡಿಮೆ, ಆದರೆ ಇದೆ. ನ್ಯೂಜಿಲೆಂಡಿನ ಒಂದು ಮಾವೋರಿ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಎಳೆಯರು ಜಠರದ ಕ್ಯಾನ್ಸರಿಗೆ ಬಲಿಯಾಗುತ್ತಿದ್ದರು. 1998ರಲ್ಲಿ ಅವರಲ್ಲಿ ಸಿಡಿಎಚ್-1 ಅನ್ನುವ ಜೀನಿನ ದೋಷ ಸಿಕ್ಕಿತು. ಮೇಲೆ ಹೇಳಿದ ಅಂಟನ್ನು ತಯಾರಿಸುವ ಜೀನ್ ಅದೇ. ಚಿಕ್ಕ ವಯಸ್ಸಿನಲ್ಲಿ ಈ ಬಗೆಯ ಕ್ಯಾನ್ಸರ್ ಬಂದರೆ ಜೀನ್ ಸಲಹೆಗಾರರನ್ನು ಕಾಣುವುದು ಒಳ್ಳೆಯದು. ನಮ್ಮವಳಿಗೆ ಆ ದೋಷ ಇರಲಿಲ್ಲ. ಆ ಕಾಗದ ಬಂದ ದಿನ ಅವಳು ಮಗಳನ್ನು ಅಪ್ಪಿಕೊಂಡು ಅತ್ತದ್ದು ನನ್ನ ಕಣ್ಣೆದುರು ಇದೆ. ಈಗ ಆ ಹುಡುಗಿ ನಮ್ಮ ಮನೆಯಲ್ಲೇ ಇದ್ದಾಳೆ.

ಜಠರದ ಕ್ಯಾನ್ಸರಿಗೆ ಮೊದಲೇ ಆಪರೇಷನ್ ಆದವರಿಗೂ ಒಂದು ಮಾತು. ಅಂಡಾಶಯದಲ್ಲಿ ಇದು ವರ್ಷ ಕಳೆದು ಕಾಣಿಸಿಕೊಳ್ಳಬಹುದು. ಫಾಲೋಅಪ್ ಸ್ಕ್ಯಾನ್ ಮಾಡುವಾಗ ಕಿಬ್ಬೊಟ್ಟೆಯನ್ನೂ ಸೇರಿಸಿದ್ದಾರಾ ಅಂತ ಕೇಳಿ.

ಮುಂಬೈಯ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ 1941ರಿಂದ ಇದೆ. ಅದರದ್ದೇ ಇನ್ನೊಂದು ಕೇಂದ್ರ ಖಾರ್‌ಘರಿನಲ್ಲಿದೆ. ಊರಿನಿಂದ ಬರುವವರು ದಾದರಿನ ಸಂತ ಗಾಡಗೆ ಮಹಾರಾಜ್ ಧರ್ಮಶಾಲೆಯಲ್ಲಿ ಜಾಗ ಇದೆಯಾ ಅಂತ ವಿಚಾರಿಸಬಹುದು. ಬರುವಾಗ ಒಂದು ವಸ್ತು ಮರೆಯಬೇಡಿ. ಬೇರೆ ಕಡೆ ಆಪರೇಷನ್ ಆಗಿದ್ದರೆ ಬರೀ ರಿಪೋರ್ಟ್ ಸಾಲುವುದಿಲ್ಲ. ತೆಗೆದ ಗೆಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಬ್ಲಾಕನ್ನೂ ಗಾಜಿನ ಸ್ಲೈಡನ್ನೂ ಲ್ಯಾಬಿನಿಂದ ಕೇಳಿ ಇಸಕೊಳ್ಳಬೇಕು. ಹರ್-2 ಆಗಲಿ, ಬೇರೆ ಗುರುತಾಗಲಿ, ಅದರ ಮೇಲೆಯೇ ನೋಡುವುದು. ನಮಗೆ ಗೊತ್ತಿರಲಿಲ್ಲ. ಪರೇಲಿನಿಂದ ವಾಪಸ್ ಡೊಂಬಿವಲಿಗೆ ಬಂದು, ಲ್ಯಾಬಿನವರು ನಾಳೆ ಬನ್ನಿ ಅಂದು, ನಾಲ್ಕು ದಿನ ಅಲ್ಲೇ ಹೋಯಿತು. ಐದನೇ ದಿನ ಅವಳ ಗಂಡ ಆ ಸಣ್ಣ ಪೊಟ್ಟಣವನ್ನು ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಕೈ ಒತ್ತಿಕೊಂಡು, ಬೆಳಗಿನ ಫಾಸ್ಟ್ ಟ್ರೈನಿನ ಬಾಗಿಲಲ್ಲಿ ನಿಂತು ಹೋದ.